ನೋಟ್‌ಬುಕ್ಕಿನ ಕೊನೆಯ ಪುಟದ ದೊಡ್ಡ ಕಣ್ಣುಗಳು

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದರೆ ಅವಳ ರಫ್ ನೋಟ್‌ಬುಕ್ಕಿನ ಕೊನೆಯ ಪುಟವನ್ನು ಒಮ್ಮೆ ತೆರೆದು ನೋಡಿ. ಲೆಕ್ಕವಿರಬೇಕಾದ ಜಾಗದಲ್ಲಿ ಒಂದು ಮುಖ ನಿಮ್ಮನ್ನೇ ನೋಡುತ್ತಿರಬಹುದು. ಆ ಮುಖದಲ್ಲಿ ಕಣ್ಣುಗಳದ್ದೇ ಕಾರುಬಾರು. ಮೂಗು ಇದ್ದೂ ಇಲ್ಲದಂತೆ ಒಂದು ಚುಕ್ಕೆ, ಬಾಯಿ ಒಂದು ಪುಟ್ಟ ಗೆರೆ, ಕೂದಲು ಬಿರುಗಾಳಿಗೆ ಸಿಕ್ಕಂತೆ ಚೂಪು ಚೂಪಾಗಿ ಎದ್ದಿರುತ್ತದೆ. “ಯಾರೇ ಇವಳು?” ಎಂದು ಕೇಳಿದರೆ ಮಗಳು ಪುಸ್ತಕ ಮುಚ್ಚಿಕೊಂಡು, “ಅನಿಮೆ ಅಮ್ಮಿ, ನಿಮಗೆ ಗೊತ್ತಾಗಲ್ಲ” ಎನ್ನುತ್ತಾಳೆ.

ನಾವೂ ಗೊತ್ತು ಮಾಡಿಕೊಳ್ಳೋಣ. ಅನಿಮೇಷನ್ ಎಂಬ ಇಂಗ್ಲಿಷ್ ಪದವನ್ನು ಜಪಾನಿನವರು ಮೊಟಕು ಮಾಡಿಕೊಂಡು ‘ಅನಿಮೆ’ ಎನ್ನುತ್ತಾರೆ. ತೆರೆಯ ಮೇಲೆ ಚಲಿಸುವುದು ಅನಿಮೆ, ಪುಸ್ತಕದಲ್ಲಿ ಚೌಕಟ್ಟು ಚೌಕಟ್ಟಾಗಿ ಅಚ್ಚಾಗುವುದು ‘ಮಾಂಗಾ’. ಇದು ಗುತ್ತಲದಂತಹ ಊರಿಗೆ ಬಂದ ದಾರಿಯೂ ಸರಳ. 2005ರಲ್ಲಿ ಹಂಗಾಮಾ ಟಿವಿಯಲ್ಲಿ ಡೋರೆಮಾನ್ ಎಂಬ ನೀಲಿ ಬೆಕ್ಕಿನ ಕಥೆ ಹಿಂದಿಯಲ್ಲಿ ಬರತೊಡಗಿತು. ಮನೆಯಲ್ಲಿ ಉರ್ದು ಮಾತಾಡುವ ನಮ್ಮ ಮಕ್ಕಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಂದು ಟಿವಿಯ ಮುಂದೆ ರೊಟ್ಟಿ ಹಿಡಿದು ಕುಳಿತಿದ್ದವರೇ ಇಂದು ಎರಡು ಮಕ್ಕಳ ತಾಯಂದಿರು. ಈಗ ಟಿವಿಯ ಜಾಗಕ್ಕೆ ಫೋನು ಬಂದಿದೆ, ನೀಲಿ ಬೆಕ್ಕಿನ ಜಾಗಕ್ಕೆ ನರುಟೊ, ಡೀಮನ್ ಸ್ಲೇಯರ್ ಮುಂತಾದ ಹೆಸರುಗಳು ಬಂದಿವೆ. ನೋಡಿದ್ದನ್ನು ಕೈಯಿಂದ ಬರೆದು ನೋಡಬೇಕೆಂಬ ಆಸೆ ಮಾತ್ರ ಆಗಿನಂತೆಯೇ ಇದೆ.

ಶಿಕ್ಷಕಿಯಾಗಿ ನಾನು ಇಂತಹ ಪುಟಗಳನ್ನು ದಿನವೂ ನೋಡುತ್ತೇನೆ. ಪಾಲಕರ ಸಭೆಗೆ ಬರುವ ತಾಯಂದಿರ ದೂರುಗಳೂ ಈಗ ಬಾಯಿಪಾಠವಾಗಿವೆ. ಓದು ಬಿಟ್ಟು ಇದೇ ಆಯಿತು ಎನ್ನುತ್ತಾರೆ ಕೆಲವರು. ಮುಖ ಬರೆಯುವುದು ಗುನಾಹ್ ಅಲ್ಲವೇ ಎಂದು ಕೇಳುತ್ತಾರೆ ಇನ್ನು ಕೆಲವರು. ಒಬ್ಬ ತಾಯಿಯಂತೂ ಮಗಳ ಎರಡು ನೋಟ್‌ಬುಕ್ ಒಲೆಗೆ ಹಾಕಿದ್ದನ್ನು ಸಹಜವೆಂಬಂತೆ ಹೇಳಿದರು. ಆ ಹುಡುಗಿ ಚಿತ್ರ ಬರೆಯುವುದನ್ನು ಬಿಡಲಿಲ್ಲ. ತಾಯಿಗೆ ತೋರಿಸುವುದನ್ನು ಬಿಟ್ಟಳು, ಅಷ್ಟೇ. ನನಗೆ ಭಯವಾಗುವುದು ಇದಕ್ಕೆ. ಹದಿಮೂರರ ಹುಡುಗಿ ತನಗೆ ಅತ್ಯಂತ ಇಷ್ಟವಾದ ಕೆಲಸವನ್ನು ತಾಯಿಯಿಂದ ಬಚ್ಚಿಡಲು ಕಲಿತರೆ, ಮುಂದೆ ಬಚ್ಚಿಡುವುದು ಚಿತ್ರವೊಂದನ್ನೇ ಅಲ್ಲ.

ಆದ್ದರಿಂದ ಸಹೋದರಿಯರೇ, ಈ ಚಿತ್ರವನ್ನು ಹೇಗೆ ಬರೆಯುತ್ತಾರೆ ಎಂಬುದನ್ನು ಮಗಳಷ್ಟೇ ಅಲ್ಲ, ನೀವೂ ಸ್ವಲ್ಪ ತಿಳಿದುಕೊಳ್ಳಿ. ತಿಳಿದವರು ಬೈದರೂ ಅದಕ್ಕೆ ಬೆಲೆ ಇರುತ್ತದೆ, ಹೊಗಳಿದರೂ ಇರುತ್ತದೆ.

ಕಣ್ಣು ಅಷ್ಟು ದೊಡ್ಡದೇಕೆ?

ಜಪಾನಿನ ಒಸಾಮು ತೆಜುಕಾ (1928-1989) ವೈದ್ಯಕೀಯ ಓದಿದವರು, ಬದುಕಿದ್ದು ಚಿತ್ರಕಥೆ ಬರೆದು. ಅಮೆರಿಕದ ಡಿಸ್ನಿ ಚಿತ್ರಗಳೆಂದರೆ ಅವರಿಗೆ ಪ್ರಾಣ. ಅಲ್ಲಿನ ಪ್ರಾಣಿಗಳ ದೊಡ್ಡ ಹೊಳೆಯುವ ಕಣ್ಣುಗಳನ್ನು ತಮ್ಮ ಪಾತ್ರಗಳಿಗೆ ತಂದುಕೊಂಡರು. ಕಣ್ಣು ದೊಡ್ಡದಾದಷ್ಟೂ ಅಳು, ಭಯ, ಸಂತೋಷ ತೋರಿಸಲು ಜಾಗ ಹೆಚ್ಚು. 1963ರ ಜನವರಿ 1ರಂದು ಅವರ ‘ಆಸ್ಟ್ರೋ ಬಾಯ್’ ಜಪಾನಿನ ಟಿವಿಯಲ್ಲಿ ವಾರವಾರ ಬರಲಾರಂಭಿಸಿತು. ತೊಡಕು ಆಗಲೇ ಶುರುವಾದದ್ದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿ ಚೌಕಟ್ಟಿಗೂ ಹೊಸ ಚಿತ್ರ ಬರೆಯಲು ಹಣವಿಲ್ಲ, ಕೈಗಳಿಲ್ಲ, ಮುಂದಿನ ವಾರದೊಳಗೆ ಮುಗಿಸಬೇಕು. ಹಾಗಾಗಿ ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ನಿಲ್ಲಿಸಿ ಸೆಕೆಂಡಿಗೆ ಎಂಟೇ ಚಿತ್ರಗಳಲ್ಲಿ ಕೆಲಸ ಸಾಗಿಸಿದರು. ಮುಖ ಅಲುಗಾಡದೆ ಬಾಯಿಯಷ್ಟೇ ಆಡುತ್ತದೆ, ಕೂದಲಷ್ಟೇ ಹಾರುತ್ತದೆ.

ಸೆಕೆಂಡಿಗೆ ಎಂಟು ಎಂದರೂ ಒಂದು ನಿಮಿಷಕ್ಕೆ 480 ಚಿತ್ರಗಳಾದವು. ಅದೇ ಮುಖವನ್ನು ಬೇರೆ ಬೇರೆ ಕೈಗಳು ನೂರಾರು ಸಲ ಬರೆಯಬೇಕು, ಎಲ್ಲವೂ ಒಂದೇ ತರಹ ಕಾಣಬೇಕು. ಮೂಗಿನ ಹೊಳ್ಳೆ, ತುಟಿಯ ಗೆರೆ, ಕೆನ್ನೆಯ ನೆರಳು ಎಲ್ಲ ಬರೆಯುತ್ತ ಕುಳಿತರೆ ಆಗುತ್ತದೆಯೇ? ಹೀಗೆ ಬಿಡುತ್ತಾ ಬಿಡುತ್ತಾ ಮೂಗು ಚುಕ್ಕೆಯಾಗಿ ಉಳಿಯಿತು. ಮಗಳ ಪುಟದಲ್ಲಿರುವ ಆ ಚುಕ್ಕೆಯ ಹಿಂದೆ ಇಷ್ಟು ಕಥೆಯಿದೆ.

ಹೊಸದಾಗಿ ಕಲಿಯುವವರು ಎಡವುವುದೂ ಇಲ್ಲಿಯೇ. ಗೆರೆ ಕಡಿಮೆಯಿದೆ, ಆದ್ದರಿಂದ ಸುಲಭ ಎಂದುಕೊಳ್ಳುತ್ತಾರೆ. ಮೂಗನ್ನು ಚುಕ್ಕೆ ಮಾಡಿದವನಿಗೆ ಇಡೀ ಮೂಗು ಬರೆಯಲು ಬರುತ್ತಿತ್ತು. ಅದು ಎಲ್ಲಿ ಕೂರುತ್ತದೆ, ತಲೆ ತಿರುಗಿದಾಗ ಎತ್ತ ಸರಿಯುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಚುಕ್ಕೆ ಮುಖದ ಮೇಲೆ ನೊಣ ಕೂತಂತೆ ಕಾಣುತ್ತದೆ.

ಹುಬ್ಬಳ್ಳಿ, ಹಾವೇರಿ ಕಡೆಯ ನಮಗೆ ದೊಡ್ಡ ಕಣ್ಣು ಹೊಸತೇನಲ್ಲ. ತೊಗಲುಗೊಂಬೆಗಳನ್ನು ನೋಡಿದವರಿಗೆ ಗೊತ್ತು, ದೀಪದ ಬೆಳಕಿನಲ್ಲಿ ದೂರ ಕುಳಿತವರಿಗೂ ಕಾಣಲೆಂದು ಅಲ್ಲಿಯೂ ಕಣ್ಣನ್ನು ಹಿಗ್ಗಿಸಿರುತ್ತಾರೆ. ಜಪಾನಿನವರದ್ದು ವಿಚಿತ್ರ ಎನ್ನುವ ಮುಂಚೆ ಇದನ್ನೂ ನೆನೆಯಬಹುದು.

ಮದ್ರಸದ ಕಲಮ್ ಮತ್ತು ಮೆಹಂದಿಯ ಕೋನ್

ಕಲಿಯುವುದಕ್ಕೆ ಬೇಕಾದ ಸಾಮಾನು ಬಹಳವಿಲ್ಲ. ಒಂದು ಎಚ್‌ಬಿ ಪೆನ್ಸಿಲ್, ಸ್ವಲ್ಪ ಮೆತ್ತಗಿನ ಒಂದು 2ಬಿ, ರಬ್ಬರ್, ಮೆಂಡರ್, ಕೊನೆಯಲ್ಲಿ ಗೆರೆ ತಿದ್ದಲು ಒಂದು ಕಪ್ಪು ಜೆಲ್ ಪೆನ್. ಹಾಳೆಗೆ ದುಡ್ಡು ಸುರಿಯಬೇಡಿ. ಒಂದು ಬದಿ ಅಚ್ಚಾದ ಝೆರಾಕ್ಸ್ ಹಾಳೆ, ಲಗ್ನಪತ್ರಿಕೆಯ ಹಿಂಬದಿ ಧಾರಾಳ ಸಾಕು. ದುಬಾರಿ ಡ್ರಾಯಿಂಗ್ ಪುಸ್ತಕ ಕೊಟ್ಟರೆ ಹುಡುಗಿಯರು ಕೆಡಿಸಲು ಹೆದರುತ್ತಾರೆ. ಕೆಡಿಸದೆ ಯಾರೂ ಕಲಿತಿಲ್ಲ.

ಮದ್ರಸದಲ್ಲಿ ನಮಗೆ ಖುಶ್‌ಖತ್ ಕಲಿಸುವಾಗ ಒಂದೇ ಅಕ್ಷರವನ್ನು ಇಡೀ ಪುಟ ಬರೆಸುತ್ತಿದ್ದರು. ಅದಕ್ಕೆ ಮಶ್ಕ್ ಎನ್ನುತ್ತಿದ್ದರು. ಅಕ್ಷರದ ಅಳತೆಗೆ ಸ್ಕೇಲ್ ಇರಲಿಲ್ಲ, ನುಕ್ತೆಯೇ ಅಳತೆ. ಕಲಮ್‌ನ ತುದಿಯಿಂದ ಒಂದು ಚುಕ್ಕೆ ಇಡಬೇಕು. ಅಲಿಫ್ ಇಷ್ಟು ಚುಕ್ಕೆ ಎತ್ತರ, ಬೇ ಇಷ್ಟು ಚುಕ್ಕೆ ಅಗಲ ಎಂದು ಅದರಿಂದಲೇ ಎಣಿಸಬೇಕು. ಸಾವಿರ ವರ್ಷಗಳ ಹಿಂದೆ ಬಗ್ದಾದಿನ ಇಬ್ನ್ ಮುಕ್ಲಾ (ಮರಣ 940) ಅಕ್ಷರಗಳಿಗೆ ಇಂತಹ ಅಳತೆಯ ಕ್ರಮ ಕಟ್ಟಿಕೊಟ್ಟರು. ಅನಿಮೆ ಬರೆಯುವವರ ಅಳತೆಯೂ ಇದೇ ಜಾತಿಯದು. ಅಲ್ಲಿ ನುಕ್ತೆಯ ಬದಲು ತಲೆ. ನಿಜವಾದ ದೊಡ್ಡ ಮನುಷ್ಯರ ಎತ್ತರ ಅವರ ತಲೆಯ ಸುಮಾರು ಏಳೂವರೆ ಪಟ್ಟು. ಅನಿಮೆಯ ಹುಡುಗಿಯನ್ನು ಸಾಮಾನ್ಯವಾಗಿ ಆರು, ಏಳು ತಲೆಯ ಎತ್ತರಕ್ಕೆ ಬರೆಯುತ್ತಾರೆ. ‘ಚಿಬಿ’ ಎನ್ನುವ ಗುಂಡು ಗುಂಡಾದ ಪುಟಾಣಿ ಗೊಂಬೆಗೆ ಎರಡೋ ಮೂರೋ ತಲೆ. ಮೊದಲು ತಲೆ ಬರೆದು, ಅದೇ ಅಳತೆಯ ಮೊಟ್ಟೆಗಳನ್ನು ಕೆಳಗೆ ಒಂದರ ಮೇಲೊಂದು ಇಟ್ಟು ಎಣಿಸಿ, ಆಮೇಲೆ ಮೈ ಬರೆಯಲು ಹೇಳಿ. ಕಾಲು ಗಿಡ್ಡವಾಗುವ ಕಾಟ ಅರ್ಧ ತಪ್ಪುತ್ತದೆ.

ಮುಖಕ್ಕೆ ಬರೋಣ. ಹೆಚ್ಚಿನ ಮಕ್ಕಳು ನೇರವಾಗಿ ಕಣ್ಣಿನಿಂದ ಶುರುಮಾಡುತ್ತಾರೆ, ಏಕೆಂದರೆ ಅದೇ ಅವರಿಗೆ ಇಷ್ಟ. ಒಂದು ಕಣ್ಣು ಚೆಂದ ಬರುತ್ತದೆ. ಎರಡನೆಯದಕ್ಕೆ ಜಾಗ ಸಾಲದು, ಗಲ್ಲ ಹಾಳೆಯಿಂದ ಹೊರಗೆ ಹೋಗುತ್ತದೆ. ಮೊದಲು ತಿಳಿಯಾದ ಗೆರೆಯಲ್ಲಿ ಒಂದು ವೃತ್ತ ಬರೆಯಬೇಕು. ಅದು ತಲೆಬುರುಡೆ. ಅದರ ಕೆಳಗೆ ಗಲ್ಲದವರೆಗೆ ಎರಡು ಗೆರೆ ಇಳಿಸಿದರೆ ಮುಖದ ಆಕಾರ ಬಂತು. ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ, ಅಡ್ಡಕ್ಕೆ ಒಂದು ಗೆರೆ. ನಿಜವಾದ ಮುಖದಲ್ಲಿ ಕಣ್ಣುಗಳು ನೆತ್ತಿಗೂ ಗಲ್ಲಕ್ಕೂ ನಡುವೆ ಇರುತ್ತವೆ. ನಂಬಿಕೆಯಾಗದಿದ್ದರೆ ಕನ್ನಡಿಯ ಮುಂದೆ ಗೇಣು ಹಾಕಿ ನೋಡಿ. ಹಣೆ, ನೆತ್ತಿ ಅಷ್ಟು ದೊಡ್ಡವೆಂದು ನಮಗೆ ಅನ್ನಿಸುವುದೇ ಇಲ್ಲ. ಅನಿಮೆಯಲ್ಲಿ ಕಣ್ಣು ಆ ನಡುಗೆರೆಯಿಂದ ಇನ್ನೂ ಸ್ವಲ್ಪ ಕೆಳಗೆ ಇಳಿಯುತ್ತದೆ, ಮಗುವಿನ ಮುಖದಲ್ಲಿ ಇದ್ದಂತೆ. ಹೊಸಬರು ಅದನ್ನು ಹಣೆಯ ಮೇಲೆ ಬರೆದು, ಆಮೇಲೆ ಯಾಕೋ ಸರಿಯಿಲ್ಲ ಎಂದು ಅಳಿಸುತ್ತಾ ಕೂರುತ್ತಾರೆ.

ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣು ಹಿಡಿಸುವಷ್ಟು ಜಾಗವಿರಲಿ. ಮೇಲಿನ ರೆಪ್ಪೆಯ ಗೆರೆ ದಪ್ಪ, ಕೆಳಗಿನದು ತೆಳು. ಕಪ್ಪುಗುಡ್ಡೆಯೊಳಗೆ ಬಿಳಿ ಹೊಳಪು ಬಿಡುವಾಗ ಎರಡೂ ಕಣ್ಣಿನಲ್ಲಿ ಒಂದೇ ಕಡೆ ಬಿಡಬೇಕು. ಬೆಳಕು ಒಂದು ಕಿಟಕಿಯಿಂದ ತಾನೇ ಬರುವುದು? ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಆಚೆಯ ಕಣ್ಣು ಕಿರಿದಾಗುತ್ತದೆ, ನಡುವಿನ ಗೆರೆ ಬಾಗುತ್ತದೆ. ಇದು ತಿಂಗಳುಗಟ್ಟಲೆ ಸತಾಯಿಸುವ ಪಾಠ. ಕೋಳಿಮೊಟ್ಟೆಯ ಮೇಲೆ ಪೆನ್ಸಿಲ್‌ನಿಂದ ಅಡ್ಡ ಉದ್ದ ಎರಡು ಗೆರೆ ಎಳೆದು ಮಗಳ ಕೈಗೆ ಕೊಡಿ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರೆ ಪುಸ್ತಕದ ಹತ್ತು ಪುಟ ಹೇಳದ್ದು ಅಲ್ಲಿ ಕಾಣುತ್ತದೆ. ಆಮೇಲೆ ಆಮ್ಲೆಟ್ ಮಾಡಬಹುದು.

ಇನ್ನೊಂದು ಹಳೆಯ ಉಪಾಯ. ಬರೆದು ಮುಗಿಸಿದ ಹಾಳೆಯನ್ನು ತಿರುವಿ ಹಿಂಬದಿಯಿಂದ ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಡವು ಬಲವಾಗಿ ಕಾಣುತ್ತದೆ. ಇಷ್ಟು ಹೊತ್ತು ಸರಿಯಾಗಿ ಕಂಡ ಮುಖದಲ್ಲಿ ಒಂದು ಕಣ್ಣು ಮೇಲೆ, ಗಲ್ಲ ಒಂದು ಬದಿಗೆ ಜಾರಿರುವುದು ತಟ್ಟನೆ ಗೊತ್ತಾಗುತ್ತದೆ. ಮಕ್ಕಳು ಇದನ್ನು ಮೊದಲ ಸಲ ನೋಡಿದಾಗ ಮುಖ ಸಣ್ಣದು ಮಾಡುತ್ತಾರೆ, ಎರಡನೆಯ ಸಲ ನಗುತ್ತಾರೆ.

ಗೆರೆಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಒಂದು ಅನುಕೂಲವಿದೆ. ಈದ್‌ನ ಹಿಂದಿನ ರಾತ್ರಿ ಓಣಿಯ ಹತ್ತು ಕೈಗಳಿಗೆ ಮೆಹಂದಿ ಹಾಕುವ ಹುಡುಗಿಯ ಬೆರಳಿಗೆ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ತಾನೇ ತಾನಾಗಿ ಗೊತ್ತು. ಕೋನ್ ಒತ್ತಿದರೆ ಗೆರೆ ದಪ್ಪ, ಎಳೆದುಬಿಟ್ಟರೆ ತೆಳು, ತುದಿ ಚೂಪು. ಅನಿಮೆಯ ಕೂದಲಿನ ಎಳೆಗೆ ಬೇಕಾದದ್ದು ಅದೇ ಗೆರೆ. “ನನಗೆ ಡ್ರಾಯಿಂಗ್ ಬರಲ್ಲ ಟೀಚರ್” ಎನ್ನುವ ಹುಡುಗಿಯರಲ್ಲಿ ಮೆಹಂದಿ ಹಾಕುವವರನ್ನು ನಾನು ಮೊದಲು ಹುಡುಕುತ್ತೇನೆ.

ಕೂದಲನ್ನು ಎಳೆ ಎಳೆಯಾಗಿ ಬರೆಯುವುದು ಬೇಡ. ಮುಂದೆ, ಪಕ್ಕ, ಹಿಂದೆ ಎಂದು ಮೂರು ಗೊಂಚಲು ಮಾಡಿ, ತಲೆಬುರುಡೆಯ ವೃತ್ತದಿಂದ ತುಸು ಮೇಲೆ ಎತ್ತಿ ಬರೆಯಬೇಕು. ಬುರುಡೆಗೆ ಅಂಟಿಸಿದರೆ ನೆನೆದ ತಲೆಯಾಗುತ್ತದೆ. ಮಗಳು ದುಪಟ್ಟಾ ಹೊದ್ದ ಹುಡುಗಿಯನ್ನು ಬರೆಯಬಯಸಿದರೆ ಅದಕ್ಕೆ ಬೇರೆಯೇ ಅಭ್ಯಾಸ ಬೇಕು. ಗೋಡೆಯ ಮೊಳೆಗೆ ನಿಮ್ಮ ದುಪಟ್ಟಾವನ್ನು ತೂಗುಹಾಕಿ. ನೆರಿಗೆಗಳೆಲ್ಲ ಆ ಮೊಳೆಯಿಂದಲೇ ಹೊರಡುತ್ತವೆ, ಕೆಳಗೆ ಹೋದಂತೆ ಅಗಲವಾಗುತ್ತವೆ. ಎರಡು ಮೊಳೆಗೆ ಕಟ್ಟಿದರೆ ನಡುವೆ ಜೋಲಿಯಾಗುತ್ತದೆ. ಮೈಮೇಲೆ ಹೊದ್ದಾಗ ಆ ಮೊಳೆಯ ಕೆಲಸವನ್ನು ಗಲ್ಲದ ಕೆಳಗಿನ ಪಿನ್ನು, ಭುಜ, ಮೊಣಕೈ ಮಾಡುತ್ತವೆ. ಇದನ್ನು ಕಂಡುಕೊಂಡ ಹುಡುಗಿ ಯಾವ ಬಟ್ಟೆಯನ್ನಾದರೂ ಬರೆಯಬಲ್ಲಳು. ಕೈಬೆರಳುಗಳ ಬಗ್ಗೆ ಹೇಳಹೋದರೆ ಈ ಲೇಖನ ಸಾಲದು. ಮೊದಲು ಬೆರಳಿಲ್ಲದ ಕೈಚೀಲದಂತೆ ಬರೆದು ಆಮೇಲೆ ಬಿಡಿಸಿಕೊಳ್ಳಲಿ.

ನೋಡಿ ಬರೆಯುವುದು ತಪ್ಪೇ?

ತಪ್ಪಲ್ಲ. ಮಶ್ಕ್ ಎಂದರೂ ಉಸ್ತಾದರ ಅಕ್ಷರವನ್ನು ನೋಡಿ ಬರೆಯುವುದೇ. ಫೋನಿನಲ್ಲಿ ಕಂಡ ಪಾತ್ರವನ್ನು ನೋಡಿ ಬರೆಯಲಿ, ಆದರೆ ಅದನ್ನೇ ಬರೆಯುತ್ತ ಮೂರು ವರ್ಷ ಕಳೆದರೆ ಎಡಕ್ಕೆ ತಿರುಗಿದ ಒಂದು ಮುಖ ಮಾತ್ರ ಬರುತ್ತದೆ. ನನ್ನ ತರಗತಿಯಲ್ಲಿ ಒಬ್ಬಳಿದ್ದಳು. ಎಂತಹ ಅಚ್ಚುಕಟ್ಟಾದ ಮುಖ ಬರೆಯುತ್ತಿದ್ದಳೆಂದರೆ ಗೆಳತಿಯರು ಅವಳ ಬೆಂಚಿಗೆ ಮುತ್ತುತ್ತಿದ್ದರು. “ಇವಳನ್ನು ಕೂರಿಸು, ರೊಟ್ಟಿ ಬಡಿಯಲಿ” ಎಂದೆ. ಪೆನ್ಸಿಲ್ ನಿಂತುಬಿಟ್ಟಿತು. ಮರುದಿನ ಅವಳು ಅಡುಗೆಮನೆಯಲ್ಲಿ ದಾದಿ ರೊಟ್ಟಿ ಬಡಿಯುವುದನ್ನು ನೋಡುತ್ತ ಕುಳಿತು ಹತ್ತು ಸಣ್ಣ ಚಿತ್ರ ಬರೆದು ತಂದಳು. ಒಂದೂ ಚೆನ್ನಾಗಿರಲಿಲ್ಲ. ಬಾಗಿದ ಬೆನ್ನು ಮಾತ್ರ ಎಲ್ಲದರಲ್ಲೂ ಸರಿಯಾಗಿತ್ತು.

ಹೀಗೆ ಸುತ್ತಲಿನದನ್ನು ನೋಡಿ ಬರೆದವರೇ ಆ ದೇಶದಲ್ಲಿಯೂ ಮುಂದೆ ಬಂದಿದ್ದಾರೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ಪ್ರಸಿದ್ಧ ಮಾಂಗಾ ಬರೆದ ಹಿರೋಮು ಅರಕಾವಾ ಒಬ್ಬ ಹೆಂಗಸು. ಜಪಾನಿನ ಉತ್ತರದ ಹೊಕ್ಕೈದೊ ದ್ವೀಪದಲ್ಲಿ ಹೈನುಗಾರಿಕೆಯ ಮನೆಯಲ್ಲಿ ಬೆಳೆದವರು. ಹೈಸ್ಕೂಲು ಮುಗಿದ ಮೇಲೆ ಏಳು ವರ್ಷ ಮನೆಯ ದನಕರುಗಳ ಕೆಲಸ ಮಾಡುತ್ತಲೇ ತಿಂಗಳಿಗೊಮ್ಮೆ ತೈಲಚಿತ್ರದ ತರಗತಿಗೆ ಹೋಗುತ್ತಿದ್ದರು. 1999ರಲ್ಲಿ ಟೋಕಿಯೊಗೆ ಹೋದರು, 2001ರಲ್ಲಿ ಆ ಮಾಂಗಾ ಶುರುವಾಯಿತು. ಎಮ್ಮೆ ಕಟ್ಟಿ ಹಾಲು ಹಿಂಡುವ ಮನೆಗಳ ಹೆಣ್ಣುಮಕ್ಕಳಿಗೆ ಈ ಮಾತು ಹೇಳುವಾಗ ನನಗೆ ಖುಷಿಯಾಗುತ್ತದೆ.

ಕಾವೊರು ಮೋರಿ ಎಂಬ ಇನ್ನೊಬ್ಬ ಲೇಖಕಿ 2008ರಿಂದ ‘ಎ ಬ್ರೈಡ್ಸ್ ಸ್ಟೋರಿ’ ಎಂದು ಇಂಗ್ಲಿಷಿನಲ್ಲಿ ಬರುವ ಮಾಂಗಾ ಬರೆಯುತ್ತಿದ್ದಾರೆ. ಕಥೆ ನಡೆಯುವುದು ಹತ್ತೊಂಬತ್ತನೆಯ ಶತಮಾನದ ಮಧ್ಯ ಏಷ್ಯಾದಲ್ಲಿ. ತಲೆವಸ್ತ್ರ ತೊಟ್ಟ ಹೆಂಗಸರು, ಜಮಖಾನೆಯ ವಿನ್ಯಾಸ, ಕಸೂತಿಯ ಒಂದೊಂದು ಹೊಲಿಗೆ, ರೊಟ್ಟಿಯ ಮೇಲಿನ ಅಚ್ಚು, ಎಲ್ಲವನ್ನೂ ಅವರು ಕೈಯಿಂದ ಬಿಡಿಸುತ್ತಾರೆ. ಜಪಾನಿನ ಮಹಿಳೆಯೊಬ್ಬರು ದೂರದ ಮುಸ್ಲಿಮ್ ನಾಡಿನ ಕಸೂತಿಯನ್ನು ಅಷ್ಟು ತಾಳ್ಮೆಯಿಂದ ಬರೆಯುವುದಾದರೆ, ನಮ್ಮ ಹುಡುಗಿ ಪಕ್ಕದ ತಾಂಡಾದ ಲಂಬಾಣಿ ಕಸೂತಿಯನ್ನೋ ಹಾವೇರಿಯ ಏಲಕ್ಕಿ ಹಾರವನ್ನೋ ಬ್ಯಾಡಗಿಯ ಕಡೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೈಗಳನ್ನೋ ಬರೆಯಬಾರದೇ?

ಮುಖ ಬರೆಯಬಹುದೇ ಎಂಬ ಪ್ರಶ್ನೆ

ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗುವುದು ಸರಿಯಲ್ಲ. ಜೀವವಿರುವವುಗಳ ಚಿತ್ರ ಮಾಡುವವರ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಅದನ್ನು ಆಧರಿಸಿ ಕೈಯಿಂದ ಮನುಷ್ಯ, ಪ್ರಾಣಿಗಳನ್ನು ಬರೆಯುವುದು ಸಲ್ಲದೆಂದು ಹೇಳುವ ಉಲಮಾಗಳು ಬಹಳ. ನೆರಳು ಬೀಳುವ ವಿಗ್ರಹಗಳಿಗೆ ಮಾತ್ರ ಆ ನಿಷೇಧ ಅನ್ವಯಿಸುತ್ತದೆಂಬ ಅಭಿಪ್ರಾಯ ಮಾಲಿಕಿ ವಿದ್ವಾಂಸರಲ್ಲಿ ಹಿಂದಿನಿಂದ ಇದೆ. ನಮ್ಮ ಕಾಲದ ಯೂಸುಫ್ ಅಲ್ ಖರ್ಝಾವಿಯವರು (1926-2022) ಹಾಳೆಯ ಮೇಲಿನ ಚಿತ್ರವನ್ನು ಕೆಲವು ಷರತ್ತುಗಳೊಂದಿಗೆ ಅನುಮತಿಸುವ ಪಕ್ಷದವರು. ಹಝ್ರತ್ ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು, ಪ್ರವಾದಿವರ್ಯರು(ಸ) ತಡೆಯಲಿಲ್ಲ ಎಂಬುದು ಬುಖಾರಿಯಲ್ಲಿದೆ. ರೆಕ್ಕೆಯಿದ್ದ ಅವರ ಕುದುರೆಗೊಂಬೆಯ ಪ್ರಸ್ತಾಪ ಅಬೂದಾವೂದ್‌ನಲ್ಲಿದೆ. ಮಕ್ಕಳ ಆಟ, ಪಾಠದ ಚಿತ್ರಗಳ ವಿಷಯದಲ್ಲಿ ಹಲವರು ಸಡಿಲ ನೀಡುವುದು ಇದರಿಂದಲೇ.

ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಚಿತ್ರಕಲೆ ಅರಳಿತ್ತಲ್ಲ ಎಂದು ಕೆಲವರು ವಾದಿಸುತ್ತಾರೆ. ನಿಜ, 1570ರ ‘ನುಜೂಮುಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿ ಈಗಲೂ ಡಬ್ಲಿನ್ ನಗರದ ಗ್ರಂಥಾಲಯದಲ್ಲಿದೆ, ಎರಡನೇ ಇಬ್ರಾಹೀಮ್ ಆದಿಲ್‌ಶಾಹನಿಗೆ ಸ್ವತಃ ಕುಂಚ ಹಿಡಿಯಲು ಬರುತ್ತಿತ್ತು. ಆದರೆ ಬಾದಶಾಹರು ಮಾಡಿದ್ದೆಲ್ಲ ದೀನಿಗೆ ಪುರಾವೆಯಾಗುವುದಿಲ್ಲ. ಅದು ನಮ್ಮ ನಾಡಿನ ಚರಿತ್ರೆ ಎಂದು ತಿಳಿದರೆ ಸಾಕು. ನಿಮ್ಮ ಮನೆ ಯಾರ ಮಾತನ್ನು ಅನುಸರಿಸುತ್ತದೋ ಆ ಆಲಿಮರನ್ನು ಕೇಳಿ. ಮಗಳನ್ನೂ ಕರೆದುಕೊಂಡು ಕೇಳಿ. “ಹರಾಮ್” ಎಂಬ ಒಂದು ಪದವನ್ನು ಅಡುಗೆಮನೆಯಿಂದ ಎಸೆದರೆ ಅವಳು ಕಲಿಯುವುದು ದೀನನ್ನಲ್ಲ.

ಇನ್ನು ಮುಖ ಬರೆಯುವುದು ಬೇಡವೆಂದು ತೀರ್ಮಾನಿಸಿದ ಮನೆಗೆ ಒಂದು ಮುಖ್ಯ ಮಾತು. ಚಿತ್ರ ಮಾಡಿಯೇ ಹೊಟ್ಟೆ ಹೊರೆಯುತ್ತಿದ್ದ ವ್ಯಕ್ತಿಯೊಬ್ಬ ಇಬ್ನ್ ಅಬ್ಬಾಸ್‌ರ(ರ) ಬಳಿ ಬಂದ ಪ್ರಸಂಗವೂ ಬುಖಾರಿಯಲ್ಲಿದೆ. ಎಚ್ಚರಿಕೆಯ ಮಾತು ಕೇಳಿ ಆತನ ಮುಖ ಬಾಡಿತು. ಆಗ ಅವರು ಆತನ ಕೆಲಸವನ್ನೇ ಕಿತ್ತುಕೊಳ್ಳಲಿಲ್ಲ, ಮರಗಳನ್ನು, ಜೀವವಿಲ್ಲದವುಗಳನ್ನು ಬರೆಯಲು ಹೇಳಿದರು. ಅನಿಮೆಯಲ್ಲಿ ಇದೇ ಒಂದು ಪೂರ್ಣ ವಿದ್ಯೆ. ಪಾತ್ರಗಳನ್ನು ಬರೆಯುವವರು ಬೇರೆ, ಅವುಗಳ ಹಿಂದಿನ ಆಕಾಶ, ಗದ್ದೆ, ಮನೆ, ಮಳೆಯನ್ನು ಬರೆಯುವವರು ಬೇರೆ. 1988ರ ‘ಮೈ ನೇಬರ್ ಟೊಟೊರೊ’ ಚಿತ್ರದಲ್ಲಿ ಹಳ್ಳಿಯ ಮನೆ, ಹೊಲ, ಮಳೆಯಲ್ಲಿ ತೊಯ್ಯುವ ಬಸ್ ನಿಲ್ದಾಣಗಳನ್ನು ನೋಡಿದವರು ಮರೆಯುವುದಿಲ್ಲ. ಅದರ ಕಲಾನಿರ್ದೇಶಕ ಕಝುವೊ ಒಗಾ. ಅವರು ಪ್ರಸಿದ್ಧರಾದದ್ದು ಹಸಿರಿನಿಂದ, ಮುಖಗಳಿಂದಲ್ಲ. ಅವರು ಬಳಸುವುದು ಪೋಸ್ಟರ್ ಕಲರ್. ನಮ್ಮ ಬುಕ್ ಸ್ಟಾಲ್‌ಗಳಲ್ಲಿ ಪುಟ್ಟ ಬಾಟಲಿಗಳಲ್ಲಿ ಸಿಗುವುದೂ ಅದೇ ಜಾತಿಯ ಬಣ್ಣ. ನೆನಪಿಗೆ ಬಂತೆಂದು ಹೇಳುತ್ತೇನೆ, ಒಂಟೆಯ ಗುರುತಿನ ಕ್ಯಾಮ್ಲಿನ್ 1931ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕಂಪನಿ. 2011ರಲ್ಲಿ ಅದರ ಹೆಚ್ಚಿನ ಪಾಲನ್ನು ಕೊಕುಯೊ ಎಂಬ ಜಪಾನಿನ ಕಂಪನಿಯೇ ಕೊಂಡಿತು.

ಹಿನ್ನೆಲೆ ಬರೆಯುವವಳಿಗೆ ಗುತ್ತಲದ ಸುತ್ತ ಏನು ಕಡಿಮೆ? ಎರೆ ಹೊಲದ ಕಪ್ಪು ಬೇರೆ, ಮಸಾರಿಯ ಕೆಂಪು ಬೇರೆ. ಮೊದಲ ಮಳೆ ಬಿದ್ದಾಗ ಎರಡೂ ಬಣ್ಣ ಬದಲಿಸುತ್ತವೆ. ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆ, ಮೆಕ್ಕೆಜೋಳದ ತೆನೆ ಒಣಗಿಸಿದ ಅಂಗಳ, ಹತ್ತಿ ಹೇರಿದ ಟ್ರ್ಯಾಕ್ಟರ್, ಸಂಜೆ ಮಸೀದಿಯ ಮಿನಾರಿನ ಹಿಂದಿನ ಆಕಾಶ. ಮೊದಲು ನೀಲಿ ಬಳಿದು, ಒಣಗುವ ಮುಂಚೆ ಕೆಳಗಿನ ಅಂಚಿಗೆ ಬಿಳಿ ಬೆರೆಸಬೇಕು. ದೂರದ ಗುಡ್ಡ ತಿಳಿಯಾಗಿ, ನೀಲಿಯಾಗಿ ಕಾಣುತ್ತದೆ, ಹತ್ತಿರದ ಗಿಡದ ಹಸಿರು ಗಾಢ. ಒಂದು ಗಂಟೆ ಮಾಳಿಗೆಯ ಮೇಲೆ ಕುಳಿತು ಮೋಡ ನೋಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಫೋನು, ಯಂತ್ರ ಮತ್ತು ಸಂಪಾದನೆ

ಈಗ ಫೋನಿನಲ್ಲಿಯೇ ಬೆರಳಿನಿಂದ ಬರೆಯಲು ಬರುತ್ತದೆ. ಜಪಾನಿನವರೇ ಮಾಡಿದ ಐಬಿಸ್ಪೇಂಟ್ ಎಂಬ ಆ್ಯಪ್ 2011ರಿಂದ ಇದೆ, ಹಣ ಕೊಡದೆಯೂ ಬಳಸಬಹುದು. ಆದರೆ ಮೊದಲ ವರ್ಷ ಪೆನ್ಸಿಲ್ ಸಾಕು. ಫೋನಿನಲ್ಲಿ ತಪ್ಪು ಗೆರೆಯನ್ನು ಒಂದು ಒತ್ತಿನಲ್ಲಿ ಅಳಿಸಿಬಿಡಬಹುದು, ಆಮೇಲೆ ಯಾಕೆ ತಪ್ಪಿತೆಂದು ಯಾರೂ ನೋಡುವುದಿಲ್ಲ. ಅನಿಮೆ ಎಂದರೆ ಎಲ್ಲವೂ ಮಕ್ಕಳದ್ದು ಎಂದೂ ತಿಳಿಯಬೇಡಿ. ಅದರಲ್ಲಿ ಎಳೆಯರಿಗೆ ಹೇಳಿದ್ದು, ದೊಡ್ಡವರಿಗೆ ಹೇಳಿದ್ದು, ಯಾರಿಗೂ ಬೇಡವಾದದ್ದು ಎಲ್ಲ ಇದೆ. ಮಗಳು ಏನು ನೋಡುತ್ತಾಳೋ ಅದನ್ನು ಒಂದು ದಿನ ಅವಳ ಪಕ್ಕದಲ್ಲಿ ಕುಳಿತು ನೀವೂ ನೋಡಿ.

2025ರ ಮಾರ್ಚ್ ಕೊನೆಯಲ್ಲಿ ಇನ್ನೊಂದು ಗಲಾಟೆಯಾಯಿತು. ಚಾಟ್‌ಜಿಪಿಟಿ ಎಂಬ ಯಂತ್ರಕ್ಕೆ ಫೋಟೊ ಕೊಟ್ಟರೆ ಟೊಟೊರೊ ಮಾಡಿದ ಗಿಬ್ಲಿ ಸ್ಟುಡಿಯೋದ ಶೈಲಿಯಲ್ಲಿ ಚಿತ್ರ ಮಾಡಿಕೊಡತೊಡಗಿತು. ನಮ್ಮ ಊರುಗಳಲ್ಲೂ ಮದುವೆಯ ಫೋಟೊಗಳು, ಮಕ್ಕಳ ಫೋಟೊಗಳು ಒಂದೇ ವಾರದಲ್ಲಿ ದೊಡ್ಡ ಕಣ್ಣು ಪಡೆದು ಸ್ಟೇಟಸ್‌ಗಳಲ್ಲಿ ತುಂಬಿಕೊಂಡವು. ಆಲ್ಬಮ್ಮನ್ನು ನೆಂಟರಿಗೂ ಎಣಿಸಿ ತೋರಿಸುವ ಮನೆಗಳವರು ಹೆಣ್ಣುಮಕ್ಕಳ ಫೋಟೊಗಳನ್ನು ಗುರುತು ಪರಿಚಯವಿಲ್ಲದ ಕಂಪನಿಗೆ ಕಳಿಸಿದ್ದು ನನಗೆ ಅರ್ಥವಾಗಲಿಲ್ಲ. ಅದಿರಲಿ. ತರಗತಿಯಲ್ಲಿ ಒಬ್ಬಳು ಕೇಳಿದಳು: “ಒಂದು ನಿಮಿಷದಲ್ಲಿ ಅದು ಬರೆಯುತ್ತೆ ಟೀಚರ್, ನಾವ್ಯಾಕೆ ಕಲೀಬೇಕು?” ಪಕ್ಕದವಳೇ ಉತ್ತರ ಕೊಟ್ಟಳು: “ಹೊಲಿಗೆ ಮಷಿನ್ ಬಂದ್ಮೇಲೂ ನಮ್ಮಮ್ಮಿ ಕಸೂತಿ ಹಾಕ್ತಾರಲ್ಲ.” ನನಗೆ ಇದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಸಂಪಾದನೆಯ ಬಗ್ಗೆ ಸುಳ್ಳು ಆಸೆ ಬೇಡ. ಜಪಾನಿನಲ್ಲಿಯೇ ಹೊಸ ಅನಿಮೇಟರ್‌ಗಳಿಗೆ ಸಂಬಳ ತೀರಾ ಕಡಿಮೆ ಎಂಬ ದೂರು ಹಳೆಯದು. ಅನಿಮೇಷನ್ ಉದ್ಯಮಕ್ಕಾಗಿ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ನಮ್ಮದು, ಅದು 2012ರಲ್ಲಿ. ಆದರೆ ಕೆಲಸಗಳು ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲಿ, ಕೇಳುವುದು ಗಟ್ಟಿಯಾದ ಡ್ರಾಯಿಂಗ್. ನಮ್ಮವರು ಈ ದಾರಿಯಲ್ಲಿ ನಡೆದೇ ಇಲ್ಲವೆಂದಲ್ಲ. ಪಿ. ಮಹಮ್ಮದ್ ಅವರ ವ್ಯಂಗ್ಯಚಿತ್ರಗಳನ್ನು ಪ್ರಜಾವಾಣಿಯಲ್ಲಿ ಕನ್ನಡಿಗರೆಲ್ಲ ನೋಡಿದ್ದಾರೆ. ಯೂಸುಫ್ ಅರಕ್ಕಲ್ ಕೇರಳದಿಂದ ಬಂದು, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ದೊಡ್ಡ ಹೆಸರು ಮಾಡಿ 2016ರಲ್ಲಿ ತೀರಿಕೊಂಡರು. ನಮ್ಮ ಕಡೆಯವರಿಗೆ ಪಿಯುಸಿ ನಂತರ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಹತ್ತಿರ. ರಾಣೆಬೆನ್ನೂರು ದಾಟಿದರೆ ಮುಂದಿನ ಜಿಲ್ಲೆಯೇ ಅದು.

ಅಷ್ಟು ದೂರದ ಮಾತಿಗೆ ಮುಂಚೆ, ಹೈಸ್ಕೂಲಿನಲ್ಲಿ ಇರುವಾಗಲೇ ಒಂದು ಕೆಲಸ ಮಾಡಬಹುದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಡ್ರಾಯಿಂಗ್‌ನಲ್ಲಿ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳನ್ನು ನಡೆಸುತ್ತದೆ. ಶಾಲೆಯ ಚಿತ್ರಕಲಾ ಶಿಕ್ಷಕರನ್ನು ಕೇಳಿದರೆ ಅರ್ಜಿಯ ಸಮಯ ಹೇಳುತ್ತಾರೆ. ಅಲ್ಲಿ ಯಾರೂ ದೊಡ್ಡ ಕಣ್ಣಿನ ಹುಡುಗಿಯನ್ನು ಕೇಳುವುದಿಲ್ಲ, ಮುಂದಿಟ್ಟ ವಸ್ತುವನ್ನು ಬರೆಯಲು ಹೇಳುತ್ತಾರೆ, ವಿನ್ಯಾಸ ಕೇಳುತ್ತಾರೆ. ಅನಿಮೆ ಮಾತ್ರ ಬರೆದ ಮಕ್ಕಳು ಕೊಡದ ಬಾಯಿಯ ಹತ್ತಿರ ಸಿಕ್ಕಿಬೀಳುತ್ತಾರೆ. ಗುಂಡಗಿರುವ ಬಾಯಿ ಪಕ್ಕದಿಂದ ನೋಡಿದಾಗ ಚಪ್ಪಟೆಯಾಗುತ್ತದೆ, ಎಷ್ಟು ಚಪ್ಪಟೆ ಎಂಬುದೇ ಪ್ರಶ್ನೆ. ಅಸರ್ ನಮಾಝಿನ ನಂತರ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಕೊಡ, ಪಕ್ಕದಲ್ಲಿ ಎರಡು ಈರುಳ್ಳಿ ಇಟ್ಟು ಅರ್ಧ ಗಂಟೆ ಮಗಳಿಗೆ ಬಿಟ್ಟುಕೊಡಿ. ನೀರು ತುಂಬುವುದನ್ನು ಅಷ್ಟು ಹೊತ್ತು ಮುಂದೂಡಿದರಾಯಿತು.